ಎತ್ತು ಒಡೆದ ಗಂಡಿ

ಹೊಂಗಲದಿನ್ನಿಯ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಕಾಣುವುದು ಊರಲ್ಲ, ಅಗಸಿ. ಊರಬಾಗಿಲಿಗೆ ಈ ಸೀಮೆಯಲ್ಲಿ ಅಗಸಿ ಎನ್ನುತ್ತಾರೆ. ಕರಿಗಲ್ಲಿನ ಎರಡು ಭಾರಿ ಕಂಬ, ಮೇಲೆ ಕಮಾನು, ಕಮಾನಿನ ನೆತ್ತಿಯ ಮೇಲೆ ಮತ್ತೊಂದು ಕಮಾನು. ಅಂಬಾರಿ ಹೊತ್ತ ಆನೆ ತಲೆ ಬಗ್ಗಿಸದೆ ಹೋಗುವಷ್ಟು ಎತ್ತರ. ಆನೆ ಈ ಊರಿಗೆ ಯಾವತ್ತೂ ಬಂದದ್ದಿಲ್ಲ, ಅದು ಬೇರೆ ಮಾತು. ಬೇರೆ ಊರುಗಳ ಅಗಸಿಯ ಮೇಲೆ ದ್ವಾರಪಾಲಕರು, ಗಜಲಕ್ಷ್ಮಿ ಇರುತ್ತಾರೆ. ಇಲ್ಲಿ ಕಂಬಗಳ ಮೈತುಂಬ ಗಾಣ, ಮಗ್ಗ, ಕುಂಬಾರನ ತಿಗರಿ, ತಕ್ಕಡಿ, ಬಳೆಯ ಮಲಾರ. ಬಲಗಂಬದ ಬುಡದಲ್ಲಿ ಹುಡುಕಿದರೆ ಒಂದು ಮೆಣಸಿನಕಾಯಿ ಕೂಡ ಇದೆ. ಅಗಸಿಯ ಒಳಗೆ ಬಲಕ್ಕೆ ಬುಧವಾರದ ಸಂತೆ ಕೂಡುವ ಬಯಲು. ಅದರಾಚೆ ಎಣ್ಣೆಬಾವಿ, ಅದರ ನೀರಿನಲ್ಲಿ ಎಣ್ಣೆ ಕಂಡವರಿಲ್ಲ. ಮತ್ತೂ ಆಚೆ ಕಲ್ಲುಹೊಂಡ. ಅದು ಒಂದು ಕಾಲಕ್ಕೆ ಗುಡ್ಡವಾಗಿತ್ತು.

ಆದರೆ ಊರು ನೋಡಲು ಬಂದವರು ನಿಂತು ತಲೆ ಕೆರೆದುಕೊಳ್ಳುವುದು ಇವು ಯಾವುದರ ಮುಂದೂ ಅಲ್ಲ. ಹೊರಗಿನಿಂದ ಬರುವಾಗ ಅಗಸಿಯ ಎಡಕ್ಕೆ, ಬಟಾಬಯಲಿನಲ್ಲಿ, ಒಂದು ತುಂಡು ಕಲ್ಲುಗೋಡೆ ಒಂಟಿಯಾಗಿ ನಿಂತಿದೆ. ಆಳೆತ್ತರ, ನಾಲ್ಕಾರು ಚಕ್ಕಡಿ ಸಾಲಾಗಿ ನಿಲ್ಲಿಸಿದಷ್ಟು ಅಗಲ, ಗಾರೆ ಹಾಕಿ ಅಚ್ಚುಕಟ್ಟಾಗಿ ಕಟ್ಟಿದ ಗೋಡೆ. ಅದರ ಎಡಕ್ಕೆ ಏನೂ ಇಲ್ಲ, ಬಲಕ್ಕೆ ಏನೂ ಇಲ್ಲ. ಊರಿನ ಸುತ್ತ ಎಲ್ಲಿ ಅಗೆದರೂ ಕೋಟೆಯ ಅಡಿಪಾಯ ಸಿಗುವುದಿಲ್ಲ. ಈ ತುಂಡು ಗೋಡೆಯ ಹೆಸರು ಎತ್ತಿನಗಂಡಿ. ಗಂಡಿ ಎಂದರೆ ಗೋಡೆ ಒಡೆದು ಬಿದ್ದ ಜಾಗ, ಬೇಲಿ ಹರಿದ ಜಾಗ, ದನ ತೂರುವ ಸಂದಿ. ಊರಿನ ಸುತ್ತ ಗೋಡೆ ಇರುವ ಜಾಗ ಇದೊಂದೇ. ಅದನ್ನೇ ಗಂಡಿ ಎನ್ನುತ್ತಾರೆ. ಹೊಸಬರು "ಗಂಡಿ ಎಲ್ಲಿದೆ?" ಎಂದು ಕೇಳಿದರೆ ಗೋಡೆಯನ್ನು ಅಂಗೈಯಿಂದ ತಟ್ಟಿ "ಇದೇ" ಎಂದು ತೋರಿಸುತ್ತಾರೆ. ಪಟ್ಟಣದಿಂದ ಬಂದ ವಿದ್ವಾಂಸರೊಬ್ಬರು ಇದು ಆನೆಲಾಯದ ಹಿಂಗೋಡೆ ಎಂದು ಹೇಳಿ ಹೋದರು. ಇನ್ನೊಬ್ಬರು ಬಿಲ್ಲುಗಾರರು ಗುರಿ ಕಲಿಯುತ್ತಿದ್ದ ಗೋಡೆ ಎಂದರು. ಊರವರು ಇಬ್ಬರಿಗೂ ಚಹಾ ಕುಡಿಸಿ, ಹೌದೆಂದು ಒಪ್ಪಿ, ಬಸ್ಸು ಹತ್ತಿಸಿ ಕಳಿಸಿದರು. ನಿಜ ಏನೆಂಬುದು ಊರಿಗೆ ಗೊತ್ತಿದೆ. ಹೇಳುವಾಗಲೆಲ್ಲ ಅದನ್ನು ಒಂದಿಷ್ಟು ತಿದ್ದಿ ಹೇಳುತ್ತಾರೆ, ಅಷ್ಟೆ.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಸಿಂಗಟಗಡದ ದೇಸಾಯರ ಆಳ್ವಿಕೆಯಲ್ಲಿತ್ತು ಎನ್ನುತ್ತಾರೆ. ಆಗ ಹೊಂಗಲದಿನ್ನಿಗೆ ಅಗಸಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಇದ್ದದ್ದು ಬುಧವಾರದ ಸಂತೆ ಒಂದೇ. ಸುತ್ತಲಿನ ನೆಲ ಮರಡಿ, ಬಿತ್ತಿದ್ದು ಅರ್ಧ ಬಂದರೆ ಪುಣ್ಯ. ಆದ್ದರಿಂದ ಗಾಣಿಗರು, ನೇಕಾರರು, ಕುಂಬಾರರು, ಬಳೆಗಾರರು, ಎಲ್ಲರೂ ವಾರವಿಡೀ ಬುಧವಾರಕ್ಕಾಗಿಯೇ ಕೆಲಸ ಮಾಡುತ್ತಿದ್ದರು. ಈ ಊರಿನಲ್ಲಿ ಮಗು ಮೊದಲು ಅವ್ವಾ ಎನ್ನುವುದಿಲ್ಲ, ಎಷ್ಟಕ್ಕ ಕೊಡ್ತಿ ಎನ್ನುತ್ತದೆ ಎಂದು ನೆರೆಯೂರಿನವರು ಆಡಿಕೊಳ್ಳುತ್ತಿದ್ದರಂತೆ. ಹೀಗಿರಲು ಒಂದು ವರ್ಷ ಎಲ್ಲಿಯೋ ದೂರದ ಸಂತೆಯೊಂದಕ್ಕೆ ಕುದುರೆಯ ಮೇಲೆ ಪುಂಡರು ನುಗ್ಗಿ ಎಲ್ಲ ದೋಚಿಕೊಂಡು ಹೋದರು. ಸುದ್ದಿ ಕೇಳಿದ ದೇಸಾಯರು ಅಪ್ಪಣೆ ಹೊರಡಿಸಿದರು: ಇನ್ನು ಮೇಲೆ ಕೋಟೆಗೋಡೆಯೂ ಅಗಸಿಯೂ ಇಲ್ಲದ ಊರಿನಲ್ಲಿ ಸಂತೆ ಕೂಡದು. ಬರುವ ಕಾರಹುಣ್ಣಿಮೆಗೆ ತಾವೇ ಬಂದು ನೋಡುತ್ತಾರೆ. ಗೋಡೆ ಇಲ್ಲದಿದ್ದರೆ ಹೊಂಗಲದಿನ್ನಿಯ ಸಂತೆ ಕೊರ್ತಿನಾಳಕ್ಕೆ ಹೋಗುತ್ತದೆ. ಕೊರ್ತಿನಾಳದಲ್ಲಿ ಅಜ್ಜನ ಕಾಲದಿಂದಲೂ ಭದ್ರವಾದ ಗೋಡೆಯಿತ್ತು. ಗೋಡೆಯೊಳಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಆಗ ಊರಿನ ತಳವಾರನಾಗಿದ್ದವನು ಉಡಚಪ್ಪ. ಊರು ಕಾಯುವುದು, ಚಾವಡಿಗೆ ಜನರನ್ನು ಕರೆಯುವುದು, ಹಲಗೆ ಬಾರಿಸಿ ಡಂಗುರ ಸಾರುವುದು ಅವನ ಕೆಲಸ. ಮೊದಲ ಎರಡು ಕೆಲಸಗಳಲ್ಲಿ ಅವನು ಅಷ್ಟಕ್ಕಷ್ಟೆ. ಮೂರನೆಯದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಮಂಗಳವಾರ ಸಂಜೆ, ಯಾವ ಹುಕಿ ಬಂತೋ, "ಕೇಳ್ರಪ್ಪೋ ಕೇಳ್ರಿ, ಈ ವಾರ ಬುಧವಾರ ಇಲ್ಲ, ನಾಳೆ ಬೆಳಗಾದ್ರ ನೇರ ಗುರುವಾರ" ಎಂದು ಸಾರಿಬಿಟ್ಟ. ಮರುದಿನ ಹತ್ತೂರಿನ ಗಾಡಿಗಳು ಬಂದು ಸಂತೆಬಯಲಿನಲ್ಲಿ ನಿಂತರೆ ಊರಿನ ಅರ್ಧ ಜನ ಕಂಬಳಿ ಹೊದ್ದು ಮಲಗಿದ್ದರು ಎನ್ನುತ್ತಾರೆ. ಗೌಡ ನಿಂಗನಗೌಡನ ಕೈಯಲ್ಲಿ ಅವತ್ತು ಒದೆ ತಿಂದರೂ ಉಡಚಪ್ಪನಿಗೆ ಒಂದು ತಿಳಿವಳಿಕೆ ಬಂದಿತ್ತು: ಕಣ್ಣಿಗೆ ಕಂಡದ್ದಕ್ಕಿಂತ ಹಲಗೆಯಲ್ಲಿ ಕೇಳಿದ್ದನ್ನು ಜನ ಬೇಗ ನಂಬುತ್ತಾರೆ.

ಅಪ್ಪಣೆ ಬಂದ ಮೇಲೆ ಊರು ಚಾವಡಿಯಲ್ಲಿ ಸೇರಿತು. ಊರ ಹಿಂದಿನ ಗುಡ್ಡದಿಂದ ಕಲ್ಲು ತರುವುದೆಂದು ಆಯಿತು. ಮೊದಲು ಗೋಡೆಯೋ ಅಗಸಿಯೋ ಎಂಬುದರ ಮೇಲೆ ಮಾತು ಬೆಳೆಯಿತು. ಉಡಚಪ್ಪ ಮೂಲೆಯಿಂದ ಎದ್ದು, "ದೇಸಾಯರು ಬರೋದು ಬಾಗಿಲದಾಗೋ, ಗೋಡಿ ಜಿಗಿದೋ? ಬಾಗಿಲು ಮೊದಲ ಆಗಲ್ರಿ ಗೌಡ್ರ. ಮಾರಿ ಛಲೋ ಇದ್ರ ಬೆನ್ನು ಯಾರು ನೋಡ್ತಾರ?" ಎಂದ. ಮಾತು ಎಲ್ಲರಿಗೂ ಹಿಡಿಸಿತು. ಅಗಸಿ ಮೊದಲೆಂದು ನಿಶ್ಚಯವಾಗಿ ಕಲ್ಲುಕುಟಿಗರು ಕೆಲಸಕ್ಕೆ ಕೂತರು. ಕಂಬ ಎದ್ದ ಕೂಡಲೇ ಗಾಣಿಗರ ಸಂಕಪ್ಪ ಬಂದು, ಊರಿಗೆ ಬರುವ ಗಿರಾಕಿಗೆ ಮೊದಲು ಕಾಣುವುದು ಅಗಸಿಯಲ್ಲವೆ, ಅದರ ಮೇಲೆ ನಮ್ಮದೊಂದು ಗಾಣ ಇರಲಿ ಎಂದ. ಗಾಣ ಕೆತ್ತಿದ ಮೇಲೆ ನೇಕಾರರು ಬಿಡುತ್ತಾರೆಯೆ? ಮಗ್ಗ ಬಂತು. ಕುಂಬಾರರ ಹೊಳೆವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು, ತಿಗರಿ ಬಂತು. ಗುರುತು ಹೆಚ್ಚಿದಂತೆ ಜಾಗ ಸಾಲದೆ ಕಂಬ ದಪ್ಪವಾಯಿತು, ಕಂಬ ದಪ್ಪವಾದಂತೆ ಕಮಾನು ಎತ್ತರವಾಯಿತು, ಬಳೆಗಾರರು ತಡವಾಗಿ ಬಂದದ್ದರಿಂದ ಕಮಾನಿನ ಮೇಲೆ ಇನ್ನೊಂದು ಕಮಾನು ಏರಿತು. ಕೊನೆಯ ಮೆಣಸಿನಕಾಯಿ ಕೆತ್ತಿ ಮುಗಿಸಿ ಬೆವರು ಒರೆಸಿಕೊಂಡು ಹಿಂತಿರುಗಿ ನೋಡಿದರೆ ಗುಡ್ಡ ಇದ್ದಲ್ಲಿ ಹೊಂಡ ಇತ್ತು. ಗೋಡೆಗೆ ಒಂದು ಕಲ್ಲು ಉಳಿದಿರಲಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನಿಂಗನಗೌಡ ಎಲ್ಲರೆದುರು ಉಡಚಪ್ಪನನ್ನು ಕರೆದು, "ಲೇ ತಳವಾರ, ಬಾಗಿಲು ಮೊದಲ ಅಂದಾವ ನೀನು. ಸಂತಿ ಊರು ಬಿಟ್ಟು ಹೋದ ದಿನ ನಿನ್ನ ಗಂಟುಮೂಟಿನೂ ಅದರ ಬೆನ್ನಹಿಂದ ಹೋಗ್ತದ. ಇದೇ ಬಾಗಿಲದಾಗ ಹೋಗ್ತದ, ನೆನಪಿಟ್ಕೋ" ಎಂದ. ತಮ್ಮ ತಮ್ಮ ಗುರುತು ಕೆತ್ತಿಸಿಕೊಂಡವರೆಲ್ಲ ತಲೆದೂಗಿದರು. ಮುತ್ತಜ್ಜನ ಕಾಲದಿಂದ ಬಂದ ತಳವಾರಿಕೆ, ಅದಕ್ಕೆ ಬಿಟ್ಟ ತುಂಡು ಹೊಲ, ಎರಡು ಅಂಕಣದ ಮನೆ, ಎಲ್ಲ ಅಲ್ಲಿಗೆ ತೂಗುಯ್ಯಾಲೆ. ಉಡಚಪ್ಪ ಮನೆಗೆ ಬಂದು ಅಂದು ಊಟ ಮಾಡಲಿಲ್ಲ ಎನ್ನುತ್ತಾರೆ. ಅವನ ಹೆಂಡತಿ ಸಾಂವಕ್ಕನ ಕಡೆಯವರು ಮಾತ್ರ ಎರಡು ಸಲ ಮಾಡಿದ ಎಂದು ಹೇಳುತ್ತಾರೆ.

ಮೊದಲು ಅವನಿಗೆ ಹೊಳೆದದ್ದು ಚರಗ. ಎಳ್ಳಮಾವಾಸ್ಯೆಗೆ ರೈತರು ಹೊಲದ ಸುತ್ತ ಅನ್ನ, ಕಾಳು ಚೆಲ್ಲಿ ಹೊಲವನ್ನು ಕಾಪಾಡು ಎಂದು ಭೂಮಿತಾಯಿಯನ್ನು ಬೇಡಿಕೊಳ್ಳುತ್ತಾರಲ್ಲ, ಹಾಗೆ ಊರಿನ ಸುತ್ತ ಚರಗ ಚೆಲ್ಲಿ ಗೆರೆ ಎಳೆದರೆ ಅದೇ ಗೋಡೆ ಎಂದು ಹೇಳಬಹುದು ಎಂಬುದು ಅವನ ಲೆಕ್ಕ. ಮುಂಜಾನೆ ಎದ್ದು ಮನೆಯಲ್ಲಿದ್ದ ಜೋಳವನ್ನೆಲ್ಲ ನೆನೆಸಿ ಬುಟ್ಟಿಯಲ್ಲಿ ಹೊತ್ತು ಊರು ಸುತ್ತಿ ಚೆಲ್ಲಿ ಬಂದ. ಬಿಸಿಲೇರುವ ಹೊತ್ತಿಗೆ ಗೋಡೆಯನ್ನು ಗುಬ್ಬಿಗಳು ತಿಂದು ಮುಗಿಸಿದ್ದವು. ಸಾಂವಕ್ಕ ಬಾಗಿಲಲ್ಲಿ ನಿಂತು ಮಾಡಿನ ಕಡೆ ಬೆರಳು ತೋರಿಸಿ, "ನೋಡ್ರಿ, ನಿಮ್ಮ ಕ್ವಾಟಿಗೋಡಿ ಹೊಟ್ಟ್ಯಾಗ ಇಟ್ಟುಕೊಂಡು ಹೆಂಗ ಹಾರಾಡಾಕತ್ತಾವ. ಸಂಜಿಗೆ ರೊಟ್ಟಿ ಆ ಗುಬ್ಬಿಗೇ ಕೇಳ್ರಿ" ಎಂದಳು.

ಆಗ ಉಡಚಪ್ಪ ಹಲಗೆಯನ್ನು ಬೆಂಕಿಗೆ ಕಾಯಿಸಿದ. ಓಣಿ ಓಣಿ ತಿರುಗಿ, ಇಂದಿನಿಂದ ಊರಿಗೆ ಗೋಡೆ ಬಂದಿದೆ, ಅಗಸಿಯಿಂದ ಹಿಡಿದು ಊರು ಬಳಸಿ ಮತ್ತೆ ಅಗಸಿಗೆ ಬಂದು ಸೇರುತ್ತದೆ, ಯಾರೂ ಗೋಡೆ ಹಾಯಬಾರದು, ಹಾಯ್ದವರು ಸಂತೆಯ ನಡುವೆ ನಿಂತು ನನಗೆ ಕಣ್ಣು ಕಾಣುವುದಿಲ್ಲ ಎಂದು ಕೂಗಿ ಹೇಳಬೇಕು ಎಂದು ಸಾರಿದ. ಜನ ಬಿದ್ದುಬಿದ್ದು ನಕ್ಕರು. ನಗುತ್ತಲೇ ಅಗಸಿಯೊಳಗಿಂದ ಓಡಾಡಿದರು. ಹೊಸ ಅಗಸಿ, ತಮ್ಮ ಗುರುತು ನೋಡಿದಂತೆಯೂ ಆಯಿತು. ಉಡಚಪ್ಪ ಮಾತ್ರ ನಗಲಿಲ್ಲ. ಬಯಲಿನಲ್ಲಿ ಕೈ ಚಾಚಿ ಗೋಡೆ ಸವರುತ್ತ ನಡೆದ. ಎಲೆಯಡಿಕೆ ಉಗಿಯಲು ಹೋದವನನ್ನು, "ಕಾಕಾ, ನಿನ್ನೆ ಸುಣ್ಣ ಹಚ್ಚೀವಿ, ಅತ್ತಾಗ ಉಗುಳು" ಎಂದು ತಡೆದ. ಕುಂಬಳದ ಬಳ್ಳಿ ಬಯಲಿಗೆ ಹರಿದಿದ್ದ ಮನೆಗೆ ಹೋಗಿ, ಊರಗೋಡೆಗೆ ಬಳ್ಳಿ ಹಬ್ಬಿಸಲು ಯಾರ ಅಪ್ಪಣೆ ಆಗಿದೆ ಎಂದು ಕೇಳಿದ. ನಾಲ್ಕು ದಿನ ಹೋಗುವುದರಲ್ಲಿ ಮುದುಕರು ನಡೆಯುವಾಗ ಗೋಡೆ ಇದ್ದಲ್ಲಿ ಮೊಣಕೈ ಒಳಗೆಳೆದುಕೊಳ್ಳತೊಡಗಿದರು. ಹೊಸದಾಗಿ ಬಂದ ಸೊಸೆಯಂದಿರಿಗೆ ಅತ್ತೆಯರು ದಾರಿ ಹೇಳುವಾಗ "ಗೋಡಿ ಹಿಡಿದು ಹೋಗು, ಬಾವಿ ಸಿಗ್ತದ" ಎನ್ನತೊಡಗಿದರು.

ಆದರೆ ಗೋಡೆ ನಿಜವಾಗಿ ನಿಂತದ್ದು ನೆರಳಿನ ಜಗಳದಿಂದ. ಹಸಿಗಡಿಗೆಗಳನ್ನು ಬಿಸಿಲಿಗಿಟ್ಟರೆ ಬಿರಿಯುತ್ತವೆ, ನೆರಳಿನಲ್ಲೇ ಒಣಗಬೇಕು. ಹೊಳೆವ್ವ ತನ್ನ ಗಡಿಗೆಗಳನ್ನು ಹಿತ್ತಲಿನ ಬಯಲಿನಲ್ಲಿ, ಅಗಸಿಯ ಎಡಬದಿಗೆ ಇಡುತ್ತಿದ್ದಳು. ಆ ವಾರ ಅವು ಬಿರಿದವು. ಪಕ್ಕದಲ್ಲೇ ಸಂಕಪ್ಪ ತನ್ನ ಗಾಣದ ಎತ್ತು ಕಟ್ಟುತ್ತಿದ್ದ. ಹೊಳೆವ್ವ ಬಿರಿದ ಗಡಿಗೆಯನ್ನು ಅವನ ಮುಖಕ್ಕೆ ಹಿಡಿದು, "ಗೋಡಿ ನೆರಳಿನ್ಯಾಗ ಒಣಗಲಿ ಅಂತ ಇಟ್ಟಿದ್ರ, ನಿನ್ನ ಎತ್ತು ನೆರಳೆಲ್ಲಾ ಬಾಚಿ ಮೈಮ್ಯಾಲ ಎಳಕೊಂಡೈತಿ" ಎಂದು ಬೈದಳು. ಸಂಕಪ್ಪನಾದರೂ, ಗೋಡೆ ಎಲ್ಲಿದೆ ತಾಯಿ ಎನ್ನಬೇಕೋ ಬೇಡವೋ? "ಮುಂಜಾನಿ ನೆರಳು ನಿಂದು, ಸಂಜೀದು ನಂದು, ನಮ್ಮಪ್ಪನ ಕಾಲದಿಂದ ಹಂಗ ನಡದೈತಿ" ಎಂದ. ಗೋಡೆ ಹುಟ್ಟಿ ಇನ್ನೂ ಎರಡು ಸಂತೆ ಆಗಿರಲಿಲ್ಲ. ಜಗಳ ಚಾವಡಿಗೆ ಹೋಯಿತು. ನಿಂಗನಗೌಡ ಸ್ಥಳಕ್ಕೆ ಬಂದು, ಸೂರ್ಯನನ್ನು ನೋಡಿ, ನೆಲ ನೋಡಿ, ಕೋಲಿನಿಂದ ಗೆರೆ ಹಾಕಿ ನೆರಳು ಪಾಲು ಮಾಡಿಕೊಟ್ಟ. ಇಬ್ಬರೂ ತಮಗೆ ಅನ್ಯಾಯವಾಯಿತೆಂದು ಗೊಣಗುತ್ತ ಹೋದರು. ಉಡಚಪ್ಪ ದೂರದಲ್ಲಿ ನಿಂತು ಇದನ್ನೆಲ್ಲ ನೋಡಿದ. ಉರಿಬಿಸಿಲಿನಲ್ಲಿ ಅವನ ಮೈಗೆ ತಂಪು ತಾಗಿದಂತಾಗಿ ರೋಮ ನಿಮಿರಿತು ಎನ್ನುತ್ತಾರೆ.

ಮನುಷ್ಯರಾಯಿತು. ಉಳಿದದ್ದು ಎತ್ತು. ಕಾರಹುಣ್ಣಿಮೆಯ ಸಂಜೆ ಎತ್ತುಗಳ ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಹೊರಗಿನಿಂದ ಅಗಸಿಯ ಕಡೆ ಓಡಿಸುತ್ತಾರೆ. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಮಾವಿನೆಲೆ ಕಟ್ಟಿದ ಹಗ್ಗವಿರುತ್ತದೆ. ಅದೇ ಕರಿ. ಬಿಳಿ ಎತ್ತು ಕರಿ ಹರಿದರೆ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ, ಕೆಂಪು ಎತ್ತು ಹರಿದರೆ ಮುಂಗಾರಿ. ಕರಿ ಕಂಡು ಎತ್ತು ಬೆದರಿ ಅಡ್ಡ ಹೋಯಿತೋ, ಅದರ ಒಡೆಯ ವರ್ಷವಿಡೀ ತಲೆಯೆತ್ತುವಂತಿಲ್ಲ. ಅಂಥ ಎತ್ತಿನ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಾರೆ. ಗೋಡೆಯ ವಿಷಯ ಎತ್ತುಗಳಿಗೆ ಸಾರಿ ಹೇಳುವಂತಿರಲಿಲ್ಲ. ಉಡಚಪ್ಪ ಸಂಕಪ್ಪನ ಗಾಣದಿಂದ ಹಿಂಡಿ ಬೇಡಿ ತಂದು ದಿನಾ ಸಂಜೆ ಅಗಸಿಯ ಒಳಗೆ ರಾಶಿ ಹಾಕಿದ. ಮೇದು ಬರುವ ಎತ್ತುಗಳು ಹಿಂಡಿಯ ವಾಸನೆಗೆ ತಾವಾಗಿ ಅಗಸಿಯೊಳಗೆ ನುಗ್ಗುವುದನ್ನು ಕಲಿತವು. ಊರಿನ ಎತ್ತುಗಳೆಲ್ಲ ಪಳಗಿದವು. ಬೇರೆ ಊರಿನ ಎತ್ತೂ ಒಂದು ಓಡಲಿದೆ ಎಂಬುದನ್ನು ಅವನು ಮರೆತಿದ್ದ.

ಕಾರಹುಣ್ಣಿಮೆಯ ದಿನ ದೇಸಾಯರು ಬಂದರು. ಕುದುರೆ, ಆಳುಕಾಳು, ಜೊತೆಗೆ ಕೊರ್ತಿನಾಳದ ಗೌಡ, ಮತ್ತು ಸಂಸ್ಥಾನದ ಬಿಳಿ ಎತ್ತು. ಅದರ ಮೈಮೇಲೆ ರೇಶಿಮೆ ಜೂಲ, ಕೋಡಿಗೆ ಬೆಳ್ಳಿಯ ಕಳಸ. ದೇಸಾಯರು ಅಗಸಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಬಾಗಿಲು ಕಂಡ್ವಿ. ಗೋಡಿ ಎಲ್ಲಿ?"

"ತೊಳೆದು ಒಣಗಲಿಕ್ಕೆ ಹಾಕಿರಬೇಕ್ರಿ ಧಣೇರ" ಎಂದ ಕೊರ್ತಿನಾಳದ ಗೌಡ. ದೇಸಾಯರ ಆಳುಗಳು ನಕ್ಕರು.

ನಿಂಗನಗೌಡ ಸರಿದು ಉಡಚಪ್ಪನನ್ನು ಮುಂದೆ ಬಿಟ್ಟ. ಉಡಚಪ್ಪ ಕೈಮುಗಿದು, "ಐತ್ರೀ ಧಣೇರ. ನೋಡ್ರಿ ಬೇಕಾದ್ರ" ಎಂದ. ದೇಸಾಯರು ನೋಡಿದರು. ಅವರನ್ನು ಕಾಣಲು ಊರೆಲ್ಲ ಹೊರಗೆ ಬರುತ್ತಿತ್ತು. ಎರಡೂ ಕಡೆ ಹರವಾದ ಬಯಲಿದ್ದರೂ ಜನ ಒಬ್ಬರನ್ನೊಬ್ಬರು ನೂಕುತ್ತ, ಬೈದಾಡುತ್ತ, ಅಗಸಿಯಲ್ಲೇ ತೂರಿ ಬರುತ್ತಿದ್ದರು. ಕೂಸು ಕಟ್ಟಿಕೊಂಡ ಹೆಂಗಸೊಬ್ಬಳು ಒತ್ತಡ ಕಡಿಮೆಯಾಗಲೆಂದು ಒಳಗೇ ಕಾದು ನಿಂತಿದ್ದಳು. ದೇಸಾಯರು ಇದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಮನಷ್ಯಾರು ಹೇಳಿದ್ರ ಕೇಳ್ತಾರ. ಎತ್ತು ಕೇಳೂದಿಲ್ಲ. ಗೋಡಿ ಇದ್ದದ್ದು ಖರೆ ಆದ್ರ ಎತ್ತು ಬಾಗಿಲದಾಗ ಬರ್ತಾವ. ಒಂದು ಎತ್ತು ಹೊರಗಿಂದ ಹಾಯ್ತಂದ್ರ ಬರೋ ಬುಧವಾರ ಸಂತಿ ಕೊರ್ತಿನಾಳದಾಗ" ಎಂದರು.

ಹಳ್ಳದ ದಂಡೆಯಿಂದ ಎತ್ತುಗಳನ್ನು ಬಿಟ್ಟರು. ಹಲಗೆ, ಕೇಕೆ, ಸಿಳ್ಳು, ಮುಗಿಲಿಗೇರಿದ ಧೂಳು. ಸಂಸ್ಥಾನದ ಬಿಳಿ ಎತ್ತು ಎಲ್ಲವನ್ನೂ ಹಿಂದೆ ಹಾಕಿ ಬಾಣದಂತೆ ಬಂತು. ಅದರ ಹಿಂದೆ ಊರಿನ ಎತ್ತುಗಳ ಹಿಂಡು. ಹಿಂಡಿಯ ವಾಸನೆ ಅವುಗಳ ಮೂಗಿಗೆ ಬಡಿದದ್ದು ಅವುಗಳ ಓಟದಲ್ಲೇ ಕಾಣುತ್ತಿತ್ತು. ಉಡಚಪ್ಪನ ಜೀವ ಅರ್ಧ ಮರಳಿತು. ಆದರೆ ಬಿಳಿ ಎತ್ತು ಅಗಸಿಯ ಹತ್ತಿರ ಬಂದು, ಅಷ್ಟೆತ್ತರದ ಕಮಾನು, ತೂಗಾಡುವ ಸೊಪ್ಪು, ಬಾಯ್ಬಿಟ್ಟು ಅರಚುವ ಜನ, ಇದೆಲ್ಲವನ್ನೂ ಒಮ್ಮೆಗೇ ಕಂಡು ಕಿವಿ ನಿಮಿರಿಸಿ ಎಡಕ್ಕೆ ತಿರುಗಿತು. ಮುಂದಿನ ಎತ್ತು ತಿರುಗಿದ ಮೇಲೆ ಹಿಂದಿನವು ಹಿಂಡಿಯನ್ನು ಮರೆತವು. ಒಂದರ ಹಿಂದೆ ಒಂದು, ಊರಿನ ಅಷ್ಟೂ ಎತ್ತುಗಳು ಅಗಸಿಯನ್ನು ಬಲಕ್ಕೆ ಬಿಟ್ಟು ಬಯಲಿನಲ್ಲಿ ಹಾಯ್ದು ಊರೊಳಗೆ ಹೋದವು. ಕರಿ ಹಾಗೆಯೇ ತೂಗಾಡುತ್ತ ಉಳಿಯಿತು.

ಹಲಗೆ ನಿಂತಿತು. ನಿಂಗನಗೌಡ ತಿರುಗಿ ಉಡಚಪ್ಪನ ಕಡೆ ನೋಡಿದ. ಉಡಚಪ್ಪ ನಿಂತಲ್ಲೇ ಮನಸ್ಸಿನಲ್ಲಿ ಗಂಟು ಕಟ್ಟತೊಡಗಿದ. ಕಂಬಳಿ ಹಾಕಿದ, ತಾಟು ಹಾಕಿದ, ಹಲಗೆಯನ್ನು ಒಯ್ಯಬೇಕೋ ಊರಿಗೆ ಬಿಡಬೇಕೋ ಎಂದು ಯೋಚಿಸುತ್ತಿದ್ದಾಗ ಎಡಬದಿಯ ಧೂಳಿನೊಳಗಿಂದ ಹೊಳೆವ್ವನ ಕೂಗು ಎದ್ದಿತು.

"ಯಪ್ಪಾ, ನನ್ನ ಗಡಿಗಿ! ಎಲ್ಲಾ ಹ್ವಾದವಲ್ಲೋ! ನಡುವ ಗೋಡಿ ಐತಿ, ಯಾವ ದನ ಇಲ್ಲಿಗೆ ಬರ್ತದ ಅಂತ ನಂಬಿ ಇಟ್ಟಿದ್ನಲ್ಲೋ! ಯಾವನದ ಎತ್ತು ಅದು, ಗೋಡಿ ಹಾಯ್ದು ಬಂದಿದ್ದು? ಅದರ ಕೋಡು ಮುರೀಲಿ!"

"ಬಾಯಿ ಮುಚ್ಚಬೇ, ಧಣೇರ ಎತ್ತದು" ಎಂದು ಯಾರೋ ಪಿಸುಗುಟ್ಟಿದರು.

"ಧಣೇರದಾದ್ರೇನು, ಗಡಿಗಿ ನಂದಲ್ಲ? ಅಷ್ಟು ಗಟ್ಟಿ ಗೋಡಿ ಒಡಕೊಂಡು ಬರೋದಂದ್ರ!" ಹೊಳೆವ್ವ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ನಿಜವಾಗಿಯೇ ಅಳುತ್ತಿದ್ದಳು.

ಉಡಚಪ್ಪ ಕಟ್ಟಿದ ಗಂಟನ್ನು ಮನಸ್ಸಿನಲ್ಲೇ ಬಿಚ್ಚಿದ. ಓಡಿಬಂದು ದೇಸಾಯರ ಕುದುರೆಯ ಮುಂದೆ ಅಡ್ಡಬಿದ್ದ. "ತಪ್ಪಾತ್ರಿ ಧಣೇರ, ಹೊಟ್ಟ್ಯಾಗ ಹಾಕ್ಕೋರಿ. ಗೋಡಿ ಇನ್ನೂ ಗಟ್ಟಿಮುಟ್ಟ ಕಟ್ಟಬೇಕಿತ್ತು. ಬ್ಯಾರೆಯವರ ಎತ್ತಾಗಿದ್ರ ತಡೀತಿತ್ತು. ಸಂಸ್ಥಾನದ ಎತ್ತು ಹಾಯ್ತದಂತ ನಮ್ಮಂಥ ಬಡವರಿಗೆ ಹೆಂಗ ಗೊತ್ತಾಗಬೇಕ್ರಿ?"

"ಏನಂದಿ?"

"ಒಡಕೊಂಡು ಹೋತಲ್ರಿ ಗೋಡಿ. ಇಡೀ ಊರು ನೋಡೈತಿ. ಅದು ಒಡೆದ ಗಂಡ್ಯಾಗ ನಮ್ಮ ಬಡಕಲು ಎತ್ತು ನುಸುಳಿದವು. ಅವಕ್ಕೇನು ಧಮ್ಮು ಐತ್ರಿ?"

ಕೊರ್ತಿನಾಳದ ಗೌಡನಿಗೆ ತಡೆಯಲಾಗಲಿಲ್ಲ. "ಸುಳ್ಳು, ಧಣೇರ! ಗೋಡಿನೂ ಇಲ್ಲ, ಸುಡುಗಾಡೂ ಇಲ್ಲ. ಎತ್ತು ಕರಿ ನೋಡಿ ಬೆದರಿ ಓಡೇತಿ!"

ಮಾತು ಬಾಯಿಂದ ಬಿದ್ದ ಮೇಲೆ ಅದರ ಸಪ್ಪಳ ಅವನಿಗೇ ಕೇಳಿಸಿತು. ದೇಸಾಯರು ನಿಧಾನವಾಗಿ ಅವನ ಕಡೆ ತಿರುಗಿದರು. ಉಡಚಪ್ಪ ಬಿದ್ದಲ್ಲಿಂದಲೇ ತಲೆಯೆತ್ತಿ, "ಬೆದರೇತಿ ಅಂತ ನಾ ಅನ್ಲಿಲ್ರಿ ಧಣೇರ. ಗೌಡ್ರು ಅಂದ್ರು" ಎಂದ.

ಅಷ್ಟರಲ್ಲಿ ಹಳ್ಳದ ದಾರಿಯಿಂದ ಹೊಳೆವ್ವನ ಕತ್ತೆ ಮಣ್ಣಿನ ಹೇರು ಹೊತ್ತು ಒಂಟಿಯಾಗಿ ಬಂತು. ಅದಕ್ಕೆ ಹಬ್ಬವೂ ಇಲ್ಲ, ಸಂಸ್ಥಾನವೂ ಇಲ್ಲ. ದಿನಾ ಬರುವಂತೆ ಬಂದು, ಅಗಸಿಯ ಕೆಳಗೆ ನಿಂತು, ಕತ್ತೆತ್ತಿ ಜೋತುಬಿದ್ದ ಸೊಪ್ಪಿಗೆ ಬಾಯಿ ಹಾಕಿ ಜಗ್ಗಿತು. ಕರಿ ಹರಿಯಿತು. ಕತ್ತೆ ಮಾವಿನೆಲೆ ತಿಂದು, ಬೇವು ಉಗುಳಿ, ಅಗಸಿಯೊಳಗೆ ನಡೆದುಹೋಯಿತು. ದೇಸಾಯರು ಅದನ್ನೇ ನೋಡುತ್ತ, "ಇದ್ಯಾಕ ಬಾಗಿಲದಾಗ ಹೋತು?" ಎಂದು ಕೇಳಿದರು.

"ಕತ್ತೆರೀ ಧಣೇರ. ಗೋಡಿ ಒಡಿಯೋ ತಾಕತ್ತು ಅದಕೆಲ್ಲಿಂದ ಬರಬೇಕ್ರಿ?"

ದೇಸಾಯರು ಮೀಸೆಯ ಮೇಲೆ ಕೈಯಿಟ್ಟು ತಿರುವಿದರು. ಆ ಕೈಯ ಹಿಂದೆ ಸಿಟ್ಟಿತ್ತೋ ನಗುವಿತ್ತೋ ಯಾರೂ ಕಾಣಲಿಲ್ಲ. ಬೆದರುವ ಎತ್ತಿನ ಒಡೆಯರಾಗಿ ಸಿಂಗಟಗಡಕ್ಕೆ ಮರಳುವುದೋ, ಕೋಟೆ ಒಡೆಯುವ ಎತ್ತಿನ ಒಡೆಯರಾಗಿ ಮರಳುವುದೋ ಎಂಬುದಷ್ಟೇ ಅವರ ಮುಂದಿದ್ದ ಪ್ರಶ್ನೆ. ಕೊನೆಗೆ, "ನಮ್ಮ ಎತ್ತು ಬೆದರೂದಿಲ್ಲ" ಎಂದರು. "ಒಡದೈತಿ. ಒಡೆದವರು ಕಟ್ಟಿಸಿ ಕೊಡಬೇಕು, ಅದು ಧರ್ಮ. ಸಂತಿ ಇಲ್ಲೇ ಕೂಡ್ಲಿ." ಊರು ಹೋ ಎಂದು ಕೂಗಿತು. ನಿಂಗನಗೌಡ ಆ ಸಂಭ್ರಮದಲ್ಲಿ ಮುಂದೆ ಬಂದು, "ಹೆಂಗೂ ಕಲ್ಲು ಬರ್ತಾವ ಧಣೇರ, ಉಳಿದ ಗೋಡಿಗೂ ಒಂದೀಟು..." ಎಂದು ಶುರುಮಾಡಿದ. ದೇಸಾಯರು ಉಡಚಪ್ಪನನ್ನೇ ದಿಟ್ಟಿಸಿ, "ಯಾಕೋ ತಳವಾರ, ಉಳಿದ ಗೋಡಿ ಗಟ್ಟಿ ಇಲ್ಲೇನು?" ಎಂದು ಕೇಳಿದರು. ಉಡಚಪ್ಪ ಬಯಲಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, "ಭಾಳ ಗಟ್ಟಿ ಐತ್ರಿ ಧಣೇರ" ಎಂದ.

ಹಾಗಾಗಿ ಸಿಂಗಟಗಡದ ಕಲ್ಲುಕುಟಿಗರು ಬಂದು, ಗೊರಸಿನ ಗುರುತು ಎಲ್ಲಿಂದ ಎಲ್ಲಿಯವರೆಗೆ ಇತ್ತೋ ಅಷ್ಟನ್ನೇ ಅಳೆದು ಕಟ್ಟಿ ಹೋದರು. ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎತ್ತು ಒಡೆದ ಗಂಡಿ ಎಂದು ಅದಕ್ಕೆ ಹೆಸರಾಯಿತು, ಬಾಯಿಂದ ಬಾಯಿಗೆ ಸವೆದು ಎತ್ತಿನಗಂಡಿ ಎಂದು ಉಳಿಯಿತು. ಹೊಳೆವ್ವ ಕೆಲವು ದಿನ ಹೊಸ ಗೋಡೆಯ ನೆರಳಿನಲ್ಲಿ ಗಡಿಗೆ ಇಟ್ಟು ನೋಡಿ, ಇದಕ್ಕಿಂತ ಮೊದಲಿನ ನೆರಳೇ ವಾಸಿಯಿತ್ತು, ಇದು ಹೊತ್ತಿಗೊಂದು ಕಡೆ ಸರಿಯುತ್ತದೆ ಎಂದು ದೂರಿದಳಂತೆ. ಊರವರು ಮುಂದೆ ಅನುಕೂಲವಾದಾಗ ಪೂರ್ತಿ ಗೋಡೆ ಕಟ್ಟುವ ಮಾತೆತ್ತಿದ್ದುಂಟು. ಉಡಚಪ್ಪ ಬಿಡಲಿಲ್ಲ. ಕಲ್ಲಿನ ಗೋಡೆಯನ್ನು ಹತ್ತಿ ಜಿಗಿದವರು ಎಲ್ಲ ಊರಲ್ಲೂ ಇದ್ದಾರೆ, ಇದನ್ನು ಇನ್ನೂ ಯಾರೂ ಜಿಗಿದಿಲ್ಲ ಎಂದ. ಒಮ್ಮೆ ಪುಂಡರು ಬಂದು, ಅಗಸಿಯ ಕದ ಹಾಕಿದ್ದನ್ನು ಕಂಡು ಕುದುರೆ ತಿರುಗಿಸಿದರು ಎಂದೂ ಹೇಳುತ್ತಾರೆ. ಅಗಸಿಗೆ ಕದ ಕೂರಿಸಿದ ಕುಣಿಯೇ ಇಲ್ಲವಾದ್ದರಿಂದ ಇದೊಂದನ್ನು ನಂಬುವುದು ಕಷ್ಟ.

ಇಂದು ಹೋದರೂ ಇದೆಲ್ಲ ಕಾಣುತ್ತದೆ. ಅಗಸಿಯ ಕೆಳಗಿನ ನೆಲಗಲ್ಲು ನಡುವೆ ಬಟ್ಟಲಿನಂತೆ ಸವೆದಿದೆ. ಎರಡೂ ಮಗ್ಗುಲಿನ ಬಯಲಿನಲ್ಲಿ ಹುಲ್ಲು ತುಳಿಸಿಕೊಳ್ಳದೆ ಬೆಳೆದಿದೆ. ಬುಧವಾರ ಬೆಳಗ್ಗೆ ಗಾಡಿ, ಟಂಟಂ, ತಲೆಹೊರೆ, ಸೈಕಲ್ಲು ಎಲ್ಲ ಅಗಸಿಯ ಮುಂದೆ ಸಾಲುಗಟ್ಟಿ ನಿಂತು, ಹಾರ್ನು ಬಾರಿಸಿ, ಒಬ್ಬರ ತಾಯಿತಂದೆಯನ್ನು ಒಬ್ಬರು ನೆನೆದು, ಒಂದೊಂದಾಗಿ ಒಳಗೆ ಹೋಗುತ್ತವೆ. ಹೊರಗಿನಿಂದ ಬಂದವರೊಬ್ಬರು ಈ ಗದ್ದಲ ಕಂಡು, ಜಾಣತನದಿಂದ, ಏನೂ ಇಲ್ಲದ ಬಲಬದಿಗೆ ಸರಿದು ಬಯಲಿನಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾರೆ. ಕೂಡಲೇ ಶೇಂಗಾ ಮಾರುವ ಮುದುಕಿ ಬುಟ್ಟಿ ಬಿಟ್ಟು ಎದ್ದು, "ಏ ತಮ್ಮಾ, ಮುಂದ ನೋಡ್ಕೊಂಡು ಹೋಗೋ! ಹಣಿ ಬಡಿಸ್ಕೊಂಡೀ!" ಎಂದು ಕೂಗುತ್ತಾಳೆ. ಬಂದವರು ನಗುತ್ತಾರೆ. ನಗುತ್ತಲೇ ಇನ್ನೊಂದು ಹೆಜ್ಜೆ ಎತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಕೈಯನ್ನು ಮೆಲ್ಲಗೆ ಮುಂದೆ ಚಾಚಿ ನೋಡುತ್ತಾರೆ. ಆಮೇಲೆ ತಿರುಗಿ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.